ಅತ್ತೆಯ ಮೂಗಿನ ತೂಕ

ತಪ್ಪು ನನ್ನದೇ. ನಾಲ್ಕು ಜನ ನಗಲಿ ಎಂದು ಅತ್ತೆಯ ಮೂಗು ದೊಡ್ಡದು ಮಾಡಲು ಹೋಗಿ ಅವಳ ಊಟದ ತಟ್ಟೆಯನ್ನೇ ಹಾಳು ಮಾಡಿದೆ.

ಆಗ ನನಗೆ ಇಪ್ಪತ್ತು ದಾಟಿತ್ತು. ಶಾಲೆಯ ಮಾಸ್ತರರಿಂದ ಹಿಡಿದು ಟೋಪಿಯ ಸಾಹೇಬನವರೆಗೆ ಯಾರನ್ನಾದರೂ ಅಣಕಿಸುತ್ತಿದ್ದೆ. ಕನ್ನಡಿ ಸಿಕ್ಕರೆ ಮೊರದಂಥ ನನ್ನ ಕಿವಿಗಳನ್ನೂ ಬಿಡುತ್ತಿರಲಿಲ್ಲ. ಅದೇ ಚಾಳಿ ಕೈಗಿಳಿದು, ಎರೆಮಣ್ಣಿನಲ್ಲಿ ಓಣಿಯವರ ಮುಖಗಳನ್ನು ಮಾಡತೊಡಗಿದೆ. ಕಲಿಸಿದವರು ಯಾರೂ ಇಲ್ಲ. ಮಾಡಿದ್ದೆಲ್ಲ ಒಣಗಿ ಬಿರಿಯುತ್ತಿತ್ತು. ಒಂದಾದರೂ ಕಂಚಿನಲ್ಲಿ ಉಳಿಯಲಿ ಎಂಬ ಹುಚ್ಚು ಹತ್ತಿತು. ಕಂಚು ಎಲ್ಲಿಂದ ತರುವುದು? ನನ್ನನ್ನು ಸಾಕಿದ ಸೋದರತ್ತೆ, ಮದುವೆಯಲ್ಲಿ ಬಂದ, ತಾನು ದಿನಾ ಉಣ್ಣುವ ಕಂಚಿನ ಗಂಗಾಳವನ್ನು ತೊಳೆದು ಕೈಗಿಟ್ಟಳು.

"ಯಾರ ಮಾರಿ ಮಾಡ್ತೀ?"

"ನಿಂದ, ಅತ್ತಿ."

"ಅಯ್ಯ, ಬ್ಯಾರೆ ಯಾರೂ ಸಿಗಲಿಲ್ಲೇನು?" ಎಂದಳು. ಆದರೆ ಸೆರಗು ಸರಿ ಮಾಡಿಕೊಂಡು ಕೂತಳು.

ಹಳೇ ಹುಬ್ಬಳ್ಳಿಯಲ್ಲಿ ಗಂಟೆ ಎರಕ ಹೊಯ್ಯುವ ಕಂಚುಗಾರ ಕಾಕಾ ಒಬ್ಬರಿದ್ದರು. ಎರಕಕ್ಕೆಂದು ನಾನು ಮೇಣದಲ್ಲಿ ಮಾಡಿದ, ಅಂಗೈಯಲ್ಲಿ ಹಿಡಿಸುವ ಅತ್ತೆಯ ಮುಖವನ್ನು ತೂಗಿದರು, ಗಂಗಾಳವನ್ನೂ ತೂಗಿದರು. ಮೇಣಕ್ಕೆ ಮಣ್ಣು ಹೊದಿಸಿ ಕಾಯಿಸಿದರೆ ಮೇಣ ಕರಗಿ ಹರಿದುಹೋಗುತ್ತದೆ, ಆ ಜಾಗವನ್ನು ಕಂಚು ತುಂಬಬೇಕು. ತೂಕದಲ್ಲಿ ಮೇಣದ ಹತ್ತುಪಟ್ಟು ಕಂಚು ಬೇಕು.

"ಸರೀ ಆಗತೈತಿ. ಇನ್ನ ಮೇಣ ಮುಟ್ಟಬ್ಯಾಡಪಾ," ಎಂದು ಕುಲುಮೆಯ ಕಡೆ ತಿರುಗಿದರು.

ಅಲ್ಲೇ ಅಂಗಡಿಯ ಕಟ್ಟೆಯ ಮೇಲೆ ಕೂತವರಿಗೆ ನಾನು ಅತ್ತೆ ನಶ್ಯ ಏರಿಸುವ ಪರಿ ತೋರಿಸುತ್ತಿದ್ದೆ. ಅವರು ನಕ್ಕಷ್ಟೂ ನನಗೆ ಹುರುಪು. ಅಲ್ಲಿದ್ದ ಮೇಣದ ಗಟ್ಟಿಯಿಂದ ಒಂದು ಉಂಡೆ ಕಿತ್ತು ಮೇಣದ ಅತ್ತೆಯ ಮೂಗಿಗೆ ಮೆತ್ತಿದೆ. ಕಾಕಾ ನೋಡುವ ಮೊದಲೇ ಮಣ್ಣು ಹೊದಿಸಿ ಕೊಟ್ಟೆ.

ಅಚ್ಚು ಒಣಗಿದ ಮೇಲೆ ತಲೆಕೆಳಗು ಮಾಡಿ, ಕತ್ತಿನ ಕಡೆಯಿಂದ ಕಂಚು ಹೊಯ್ದರು. ತಲೆ ತುಂಬಿತು, ಮೂಗು ತುಂಬಿತು, ಬಾಯಿಗೆ ಬರುವಷ್ಟರಲ್ಲಿ ಗಂಗಾಳ ಕರಗಿಸಿದ ಮೂಸೆ ಬರಿದಾಯಿತು. ಅಚ್ಚು ಒಡೆದು ನೋಡಿದರೆ ಮೂಗಿನ ಕೆಳಗೆ ಅತ್ತೆಯೇ ಇಲ್ಲ!

ಕಾಕಾ ಆ ಮೂಗನ್ನು ಹೆಬ್ಬೆರಳಿನಿಂದ ಸವರಿ, "ಮೇಣ ಹಚ್ಚಿದೇನು?" ಎಂದರು. ಅಷ್ಟೇ. ಬೈದಿದ್ದರೆ ಆಮೇಲೆ ಅಣಕಿಸಲಿಕ್ಕಾದರೂ ಬರುತ್ತಿತ್ತು.

ಮಣ್ಣಿನಲ್ಲಿ ಎಷ್ಟು ಚೇಷ್ಟೆ ಮಾಡಿದರೂ ನಡೆಯುತ್ತಿತ್ತು, ಇನ್ನೊಂದು ಹಿಡಿ ಮಣ್ಣು ಯಾವಾಗಲೂ ಇರುತ್ತಿತ್ತು. ಇಲ್ಲಿ ಮೂಗಿಗೆ ಕೊಟ್ಟದ್ದನ್ನು ಬಾಯಿಂದ ಕಿತ್ತುಕೊಂಡಿದ್ದೆ. ದಾರಿಯುದ್ದಕ್ಕೂ ಅದನ್ನೇ ನೆನೆಯುತ್ತ ಮನೆಗೆ ಬಂದು, ಆ ಅರೆಮುಖವನ್ನು ಅತ್ತೆಯ ಮುಂದಿಟ್ಟೆ.

"ಕರಗಿಸಿ ಮತ್ತ ಗಂಗಾಳನ ಮಾಡಿಸಿ ಕೊಡ್ತೇನಿ ಅತ್ತಿ. ನನಗ ಈ ಕೆಲಸ ಸಾಕು."

ಅವಳು ಅದನ್ನು ತಿರುಗಿಸಿ ಮುರುಗಿಸಿ ನೋಡಿ ನನ್ನ ಮಡಿಲಿಗೆ ಹಾಕಿದಳು.

"ನಾ ಬಾಳಿ ಎಲಿಯಾಗ ಉಣ್ತೇನಿ ತಗೋ. ನೀ ಹೋಗಿ ಮೂಗು ಇದ್ದಷ್ಟ ಮಾಡಲೇ, ಮಂಗ್ಯಾ!"