ಬದುವಿನ ಅಡವಿ ಉಳ್ಳಾಗಡ್ಡಿ

ಆಗ ನನಗೆ ಹದಿನೇಳು. ಅರವತ್ತೈದು ವರ್ಷದ ಹಿಂದಿನ ಮಾತು. ಮದುವೆಯಾಗಿ ಬೈಲಹೊಂಗಲದ ಆಚೆಗಿನ ಒಂದು ಹಳ್ಳಿಗೆ ಬಂದು ಎರಡು ಮಳೆಗಾಲ ಕಳೆದಿದ್ದವು. ತವರು ಕಿತ್ತೂರಿನ ಕಡೆ. ಅಲ್ಲಿ ಗುಡ್ಡ, ಕೆಂಪು ಮಣ್ಣು, ಹೆಜ್ಜೆಗೊಂದು ಕುರುಚಲು ಗಿಡ. ಇಲ್ಲಿ ಎತ್ತ ನೋಡಿದರೂ ಕಪ್ಪು ಎರೆಹೊಲ. ಬೇಸಿಗೆಯಲ್ಲಿ ಕಾಲು ಸಿಕ್ಕಿಕೊಳ್ಳುವಂಥ ಬಿರುಕು.

ಮನೆಯ ಹಿಂದೆ ಹಿತ್ತಲಿತ್ತು. ಒಂದು ಮೂಲೆಗೆ ತಿಪ್ಪೆ, ಒಂದು ಮೂಲೆಗೆ ಕುಳ್ಳಿನ ರಾಶಿ, ನಡುವೆ ಬೋಳು ನೆಲ. ನಾನು ಅಲ್ಲಿ ಗಿಡ ಹಚ್ಚಿದೆ. ಮಲ್ಲಿಗೆ ಅಲ್ಲ, ಸೇವಂತಿಗೆ ಅಲ್ಲ. ಅವು ದಿನಾ ನೀರು ಕೇಳುತ್ತವೆ, ನೀರು ಹೊರುವವಳು ನಾನು. ಅಡವಿಯ ಗಿಡ ತಂದೆ. ತಂಗಡಿ, ಲಕ್ಕಿ, ಬಿಳಿ ಎಕ್ಕೆ, ತುಂಬೆ. ಬೇಲಿಗೆ ಗುಲಗಂಜಿ ಬಳ್ಳಿ ಹಬ್ಬಿಸಿದೆ. ಒಮ್ಮೆ ಬೇರು ಹಿಡಿದರೆ ಅವುಗಳ ಹೊಟ್ಟೆಯನ್ನು ಅವೇ ನೋಡಿಕೊಳ್ಳುತ್ತವೆ. ತುಂಬೆ ಹೂ ಬಿಟ್ಟಾಗ ಜೇನುಹುಳ ಬರುತ್ತಿದ್ದವು. ಅದನ್ನು ನೋಡುವ ಆಸೆಯೂ ಇತ್ತು, ಇಲ್ಲ ಅನ್ನುವುದಿಲ್ಲ.

ಅತ್ತೆಗೆ ಅದು ಸೇರುತ್ತಿರಲಿಲ್ಲ. ಬಂದವರ ಮುಂದೆಲ್ಲ ಆಡಿಕೊಳ್ಳುತ್ತಿದ್ದಳು.

"ಮಂದಿ ಕಸಾ ಕಿತ್ತ ಒಗೀತಾರ. ನಮ್ಮ ಸೊಸಿ ಕಸಾ ತಂದ ಹಚ್ಚತಾಳ. ನಾಳೆ ಜಾಲಿನೂ ಹಚ್ಚತಾಳ ನೋಡ್ರಿ."

ತವರಿಗೆ ಹೋಗಿ ಬಂದಾಗಲೆಲ್ಲ ಏನಾದರೂ ಕಟ್ಟಿಕೊಂಡು ಬರುತ್ತಿದ್ದೆ. ಹಾಗೆ ಬಂದದ್ದು ಅಡವಿ ಉಳ್ಳಾಗಡ್ಡಿ. ದನ ಮೇಯುವ ಗುಡ್ಡದಲ್ಲಿ ಸಿಗುತ್ತದೆ. ನೋಡಲು ಉಳ್ಳಾಗಡ್ಡಿಯೇ, ಮುಷ್ಟಿಗಿಂತ ದೊಡ್ಡದು, ತಿಂದರೆ ವಿಷ. ಕಾಲಿಗೆ ಆಣಿ ಆದರೆ ಸುಟ್ಟು ಕಟ್ಟುತ್ತಾರೆ. ವರ್ಷವೆಲ್ಲ ನೆಲದೊಳಗೆ ಸತ್ತ ಹಾಗೆ ಬಿದ್ದಿರುತ್ತದೆ. ಯುಗಾದಿಯ ಹೊತ್ತಿಗೆ, ಎಲೆ ಇಲ್ಲ ಏನಿಲ್ಲ, ಬರೀ ನೆಲದಿಂದ ಬಾರುಕೋಲಿನಂಥ ದಂಟು ಏಳುತ್ತದೆ. ಇಳಿಹೊತ್ತಿಗೆ ಅದರ ತುಂಬ ಬೂದುಬಿಳಿ ಹೂ. ಚಂದದ ಹೂವೇನಲ್ಲ. ಆದರೆ ಆ ಬಿಸಿಲಲ್ಲಿ ಬೇರೆ ಯಾವುದೂ ಏಳುವುದಿಲ್ಲ.

ಅದನ್ನು ಕೀಳುವಾಗ ಕೈಗೆ ಎಣ್ಣೆ ಹಚ್ಚಿಕೊಳ್ಳಬೇಕು. ಗಡ್ಡೆ ಹರಿದು ರಸ ತಾಗಿದರೆ ಚರ್ಮ ಕೆಂಪಾಗಿ ಉರಿಯುತ್ತದೆ, ಎರಡು ದಿನ ಕಡಿಯುತ್ತದೆ. ನಮ್ಮವ್ವ ಹೇಳಿಕೊಟ್ಟಿದ್ದಳು. ಹೆಚ್ಚಿನ ಗಂಡಸರಿಗೆ ಇದು ಗೊತ್ತಿರಲಿಲ್ಲ. ದನ ಬಾಯಿ ಹಾಕುವುದಿಲ್ಲ ಅನ್ನುವುದಷ್ಟೇ ಅವರಿಗೆ ಗೊತ್ತು.

ಗಂಡನ ಮನೆಯ ಹೊಲದಲ್ಲೂ ಅದೇ ಗಡ್ಡೆ ಇತ್ತು ಎಂದು ಆಮೇಲೆ ತಿಳಿಯಿತು. ಮಾವನ ಹೊಲ ಮತ್ತು ಅದರ ಪಕ್ಕದ ಹೊಲ ಹಿಂದೆ ಒಂದೇ ಇದ್ದವು. ಹಿರಿಯರು ಪಾಲು ಮಾಡಿಕೊಂಡಾಗ ನಡುವೆ ಬದು ಹಾಕಿ, ಬದುವಿನುದ್ದಕ್ಕೂ ಅಡವಿ ಉಳ್ಳಾಗಡ್ಡಿ ಹೂತಿದ್ದರು. ಕಲ್ಲನ್ನು ಯಾರಾದರೂ ಕಿತ್ತು ಸರಿಸಬಹುದು. ಈ ಗಡ್ಡೆ ಮೊಳದ ಆಳಕ್ಕೆ ಇಳಿದಿರುತ್ತದೆ, ನೇಗಿಲು ಮುಟ್ಟುವುದಿಲ್ಲ, ದನ ತಿನ್ನುವುದಿಲ್ಲ. ಪ್ರತಿ ಬೇಸಿಗೆಗೆ ಎದ್ದು ನಿಂತು ಹೊಲದ ಹದ್ದು, ಗಡಿ ಎಲ್ಲಿದೆ ಅಂತ ತೋರಿಸುತ್ತದೆ.

ಪಕ್ಕದ ಹೊಲ ಒಬ್ಬ ವಿಧವೆಯದು. ಮಾವನ ದೊಡ್ಡಪ್ಪನ ಸೊಸೆ, ಮಾವನಿಗೆ ಅತ್ತಿಗೆ ಆಗಬೇಕು. ನಾನು ದೊಡ್ಡತ್ತಿ ಅನ್ನುತ್ತಿದ್ದೆ. ಮಕ್ಕಳಿಲ್ಲ. ತಾನೇ ಹರಗಿಸಿ ತಾನೇ ಕಾಯುವವಳು. ಬಾಯಿ ಬಹಳ ಜೋರು. ಹಿಂದಿನ ಮಳೆಗೆ ಬದು ಕೊಚ್ಚಿಹೋಯಿತು. ಮಾವ ಅದೇ ನೆಪ ಮಾಡಿಕೊಂಡು ಅವಳ ಹೊಲದೊಳಗೆ ನಾಲ್ಕು ಮಾರು ನುಗ್ಗಿ ನೇಗಿಲು ಹೊಡೆದ. ಅವಳದ್ದು ಮೊದಲೇ ಸಣ್ಣ ಹೊಲ. ಆ ಪಟ್ಟಿ ಹೋದರೆ ಅವಳಿಗೆ ವರ್ಷದ ಜೋಳ ಸಾಲುತ್ತಿರಲಿಲ್ಲ. ಇದು ಊರಿಗೆಲ್ಲ ಗೊತ್ತಿತ್ತು, ಮಾವನಿಗೂ ಗೊತ್ತಿತ್ತು.

ಅವಳು ಗುಡಿಯ ಕಟ್ಟೆಯ ಮುಂದೆ ನಿಂತು ಬಾಯಿ ಬಡಿದುಕೊಂಡಳು. ಊರಲ್ಲಿ ನ್ಯಾಯ ಹೇಳುವ ಒಬ್ಬ ಹಿರಿಯ ಇದ್ದ, ಎಲ್ಲರೂ ಅಜ್ಜಾರು ಅನ್ನುತ್ತಿದ್ದರು. ಹೊಲ ಅಳೆಯುವ ಮೋಜಣಿದಾರನನ್ನು ಕರೆಸುವುದೆಂದರೆ ಮತ್ತೊಂದು ಬಿತ್ತನೆಯ ಕಾಲ ದಾಟುತ್ತಿತ್ತು. ಅಜ್ಜ ಒಂದೇ ಮಾತು ಹೇಳಿದ:

"ಗಡ್ಡಿ ದಂಟ ಎದ್ದಾವು. ಸೋಮವಾರ ಎತ್ತ ಹೂಡೂದಿಲ್ಲ, ಎಲ್ಲಾರೂ ಊರಾಗ ಇರತೀರಿ. ಇಳಿಹೊತ್ತಿಗೆ ಹೋಗಿ ನೋಡೂಣು. ಹೂ ಎಲ್ಲಿ ಐತಿ, ಹದ್ದ ಅಲ್ಲಿ ಐತಿ."

ಭಾನುವಾರ ಉಂಡ ಮೇಲೆ ಮಾವ ಹಿತ್ತಲಿಗೆ ಬಂದ. ಅವನು ಹಿತ್ತಲಿಗೆ ಬಂದದ್ದು ಅದೇ ಮೊದಲು. ನನ್ನ ಗಡ್ಡೆಗಳ ಸಾಲಿನ ಮುಂದೆ ನಿಂತ. ಎಲ್ಲಕ್ಕೂ ದಂಟು ಬಂದಿತ್ತು, ಮೊಗ್ಗು ತುಂಬಿತ್ತು.

"ತಂಗೀ, ಇವು ಅವ ಅಲ್ಲ? ಬದುವಿನ ಮ್ಯಾಲಿನವು?"

"ಹೂಂನ್ರಿ ಮಾವಾರ. ಕಿತ್ತೂರಿನವು."

"ಮಣ್ಣ ಸಮೇತ ಕೀಳು. ಬುಟ್ಟ್ಯಾಗ ಇಡು. ಮ್ಯಾಲ ಬುತ್ತಿ ಅರಿವಿ ಹೊಚ್ಚು. ಹೊಲಕ್ಕ ಹೋಗೂದೈತಿ."

ನನಗೆ ತಿಳಿಯಿತು. ಹದ್ದನ್ನು ಸರಿಸಲು ಹೊರಟಿದ್ದ. "ಈಗ ಕಿತ್ತರ ಬಾಡತಾವ್ರಿ," ಅಂದೆ. ಬೇರೆ ಮಾತು ಹೊಳೆಯಲಿಲ್ಲ.

"ನಾಳೆ ಸಂಜೀತನಾ ನಿಂತರ ಸಾಕು. ಆಮ್ಯಾಲ ಬೇಕಾದರ ಸಾಯಲಿ."

ಗಂಡ ಮನೆಯಲ್ಲಿರಲಿಲ್ಲ. ಬಂಡಿ ಹೂಡಿಕೊಂಡು ಸವದತ್ತಿಗೆ ಹೋಗಿದ್ದ. ಇದ್ದಿದ್ದರೂ ಅಪ್ಪನ ಮುಂದೆ ಬಾಯಿ ತೆರೆಯುವವನಲ್ಲ. ಅತ್ತೆ ಬಾಗಿಲಲ್ಲಿ ನಿಂತು ನೋಡಿದಳು, ಒಳಗೆ ಹೋದಳು. ನಾನು ಕೈಗೆ ಎಣ್ಣೆ ಹಚ್ಚಿಕೊಂಡು ಗಡ್ಡೆ ಕಿತ್ತೆ.

ಆ ಬಿಸಿಲಲ್ಲಿ ಹೊಲದಲ್ಲಿ ನಾಯಿಯೂ ಇರಲಿಲ್ಲ. ದೊಡ್ಡತ್ತಿಯ ಗುಡಿಸಲು ಬೇವಿನ ಗಿಡದ ಕೆಳಗೆ ಕಾಣುತ್ತಿತ್ತು. ಅದರ ತಟ್ಟಿಬಾಗಿಲು ಮುಚ್ಚಿತ್ತು. ಒಳಗೆ ಮಲಗಿದ್ದಾಳೋ, ಊರಿಗೆ ಹೋಗಿದ್ದಾಳೋ ಗೊತ್ತಿಲ್ಲ. ಮಾವ ನಾಲ್ಕು ಮಾರು ಆಚೆ ಕಾಲಿನಿಂದ ಗೆರೆ ಎಳೆದು, "ಇಲ್ಲಿ ಹಚ್ಚಕೋತ ಹೋಗು," ಅಂದ. ನೇಗಿಲು ಹೊಡೆದ ನೆಲ, ತೋಡಿದ್ದು ಗೊತ್ತಾಗುವಂತಿರಲಿಲ್ಲ. ನಾನು ಹಚ್ಚುತ್ತ ಹೋದೆ, ಕಣ್ಣು ಆ ತಟ್ಟಿಬಾಗಿಲ ಮೇಲೆ.

ಮಾವ ಬನ್ನಿಗಿಡದ ನೇರಕ್ಕಿದ್ದ ಹಳೆಯ ಸಾಲಿಗೆ ಕೈ ಹಾಕಿದ. ಆ ಗಡ್ಡೆಗಳು ಸುಲಭಕ್ಕೆ ಬರುವವಲ್ಲ. ಗುದ್ದಲಿಯಿಂದ ಕಡಿದ. ತುಂಡಾದವನ್ನು ಕೈಯಿಂದ ಎಳೆದು ಎಳೆದು ತೆಗೆದ. ಬಿಳಿ ರಸ ಮೊಣಕೈತನಕ ಸೋರುತ್ತಿತ್ತು. ಬೆವರು ಕಣ್ಣಿಗೆ ಇಳಿದಾಗ ಅದೇ ಕೈಯಿಂದ ಒರೆಸಿಕೊಂಡ.

ನಾನು ನೋಡಿದೆ. ನನ್ನ ಬುಟ್ಟಿಯಲ್ಲಿ ಎಣ್ಣೆಯ ಬಟ್ಟಲಿತ್ತು. ಹೇಳಲಿಲ್ಲ. ಹೇಳಬೇಕಿತ್ತು ಅಂತ ಇವತ್ತಿಗೂ ಅನಿಸಿಲ್ಲ.

ತುಂಡುಗಳನ್ನೆಲ್ಲ ಹಳ್ಳಕ್ಕೆ ಒಗೆದು ಬಂದ. ತಟ್ಟಿಬಾಗಿಲು ತೆರೆಯಲಿಲ್ಲ. ಮನೆಗೆ ಬಂದೆವು.

ಮರುದಿನ ಇಳಿಹೊತ್ತಿಗೆ ಅಜ್ಜ ಬಂದ. ಹಿಂದೆ ಎಂಟು-ಹತ್ತು ಮಂದಿ ಗಂಡಸರು. ನಾನು ಅವರಿಗೆ ಕುಡಿಯಲು ನೀರಿನ ಕೊಡ ಹೊತ್ತು ಹೋಗಿದ್ದೆ. ಸೆರಗು ಹಣೆತನಕ ಎಳೆದುಕೊಂಡು ಬನ್ನಿಗಿಡದ ಹತ್ತಿರ ನಿಂತೆ. ನನ್ನ ಗಡ್ಡೆಗಳು ಸ್ವಲ್ಪ ತಲೆ ಬಾಗಿಸಿದ್ದವು, ಆದರೂ ಹೂ ಬಿಟ್ಟಿದ್ದವು. ನೆಟ್ಟಗೆ ಒಂದೇ ಸಾಲು. ಅಜ್ಜ ಆ ಸಾಲಿನುದ್ದಕ್ಕೂ ನಡೆದ.

"ಇಲ್ಲೇ ಅದಾವಲ್ಲವ್ವಾ," ಅಂದ ದೊಡ್ಡತ್ತಿಗೆ.

ಅವಳು ಬನ್ನಿಗಿಡದ ಕಡೆ ಕೈ ಮಾಡಿದಳು. "ಇಲ್ಲಿ ಅಲ್ರೀ! ನನ್ನ ಮದಿವ್ಯಾದಾಗಿಂದ ನೋಡೇನಿ. ಆ ಬನ್ನಿಗಿಡದ ನೇರಕ್ಕ ಇದ್ದುವು!"

ಮಾವ ನಕ್ಕ. "ಗಡ್ಡಿಗೇನ ಕಾಲ ಬಂದುವೇನ ಅತ್ತಿಗಿ? ತಾವ ಎದ್ದ ನಡಕೋತ ಬಂದುವೇನ?"

ಮಂದಿಯೂ ನಕ್ಕರು. ಅಜ್ಜ ಕಲ್ಲು ನೆಡಲು ಹೇಳಿಯೇಬಿಡುತ್ತಿದ್ದ. ಸಾಲು ಹಿಡಿಯಲು ಹಗ್ಗ ಬಿಚ್ಚಿಸಿ ಒಂದು ತುದಿಯನ್ನು ಮಾವನ ಕಡೆಗೆ ಚಾಚಿದ. ಮಾವ ಹಿಡಿದ, ಬಿಟ್ಟ. ಮತ್ತೆ ಹಿಡಿದ. ಹುರಿಹಗ್ಗ ಒರಟು. ಅವನ ಅಂಗೈ ಕೆಂಪಾಗಿ, ಸುಟ್ಟು ಸುಲಿದ ಬದನೆಯ ಹಾಗಿತ್ತು. ಬೆಳಗಿನಿಂದ ತಲೆಯ ಪಟಗವನ್ನು ಹುಬ್ಬಿನತನಕ ಇಳಿಸಿ ಸುತ್ತಿಕೊಂಡಿದ್ದ. ಬಲಗಣ್ಣು ಊದಿದ್ದು ಕಾಣಬಾರದೆಂದು. ತಡೆಯಲಾರದೆ ಅಂಗೈಯನ್ನು ಧೋತರಕ್ಕೆ ತಿಕ್ಕಿಕೊಂಡ.

ದೊಡ್ಡತ್ತಿಯ ಕಣ್ಣು ಅಲ್ಲಿಗೆ ಹೋಯಿತು.

"ಯಾಕೋ ಮೈದುನಾ, ಅಂಗೈ ಕಡ್ಯಾಕ ಹತ್ತೇತೇನ?"

"ಏನಿಲ್ಲ."

"ತೋರಸು ನೋಡೂಣು."

"ಏನಿಲ್ಲ ಅಂದ್ನೆಲ್ಲ! ನಿನ್ನೆ ಮನ್ಯಾಗ ಸೂರಣಗಡ್ಡಿ ಹೆಚ್ಚೇನಿ."

ಯಾರೋ ಕಿಸಕ್ಕೆಂದರು. ಮಾವ ಹುಟ್ಟಿದಾಗಿನಿಂದ ನೀರಿನ ತಂಬಿಗೆ ಕೂಡ ತಾನೇ ತುಂಬಿಕೊಂಡವನಲ್ಲ.

"ಯವ್ವಾ, ಕೇಳಿದ್ರೇನ!" ದೊಡ್ಡತ್ತಿ ಎರಡೂ ಕೈ ಬಡಿದಳು. "ನನ್ನ ಮೈದುನ ಕಾಯಿಪಲ್ಲೆ ಹೆಚ್ಚಾಕ ಹತ್ಯಾನ! ನಾಳೆ ರೊಟ್ಟಿ ಬಡೀತಾನ, ಎಲ್ಲಾರೂ ಉಣ್ಣಾಕ ಬರ್ರಿ!"

ಈ ಸಲ ನಗು ಜೋರಾಯಿತು. ಅಜ್ಜ ನಗಲಿಲ್ಲ. ಮಾವನ ಕೈ ನೋಡಿದ, ದಂಟು ನೋಡಿದ. ನಿಧಾನಕ್ಕೆ ತಿರುಗಿ ನನ್ನನ್ನು ನೋಡಿದ. ಊರಲ್ಲಿ ಈ ಗಡ್ಡೆಯನ್ನು ಹಿತ್ತಲಲ್ಲಿ ಹಚ್ಚಿದವಳು ನಾನೊಬ್ಬಳೇ. ಅತ್ತೆ ಅದನ್ನು ಮನೆಮನೆಗೆ ಸಾರಿದ್ದಳಲ್ಲ.

"ಇಲ್ಲಿ ಬಾ ಯವ್ವಾ. ನಿನ್ನ ಹಿತ್ತಲದಾಗ ಇಂಥಾ ಗಡ್ಡಿ ಇದ್ದುವಂತ. ಈಗ ಎಲ್ಲಿ ಅದಾವ?"

ಕೊಡ ಕೆಳಗಿಟ್ಟೆ. ಮಾವ ನನ್ನ ಕಡೆ ನೋಡುತ್ತಿರಲಿಲ್ಲ, ಹಗ್ಗ ನೋಡುತ್ತಿದ್ದ. ಇಲ್ಲ ಅಂದರೆ ಯಾರಾದರೂ ಹಿತ್ತಲಿಗೆ ಹೋಗಿ ಕುಣಿ ನೋಡಿ ಬರುತ್ತಾರೆ. ಹೌದು ಅಂದರೆ ನನಗೆ ಆ ಮನೆಯ ಬಾಗಿಲು ಮುಚ್ಚುತ್ತದೆ. ಸುಮ್ಮನೆ ನಿಂತರೆ ಹೊಸ ಸೊಸೆ ಹೆದರಿದ್ದಾಳೆ ಅಂತ ಅಜ್ಜ ಬಿಟ್ಟರೂ ಬಿಡಬಹುದು. ಅದೂ ಒಂದು ದಾರಿ ಇತ್ತು.

ದೊಡ್ಡತ್ತಿಯ ಮೇಲಿನ ಕರುಣೆಯಿಂದ ಹೇಳಿದೆ ಅಂದುಕೊಳ್ಳಬೇಡಿ. ಅವಳು ನನ್ನನ್ನು ಎಂದೂ ನೆಟ್ಟಗೆ ಮಾತಾಡಿಸಿದವಳಲ್ಲ. ನನ್ನ ಕೈಯಾರೆ ಹಚ್ಚಿದ್ದನ್ನು ಹಚ್ಚಿಲ್ಲ ಅನ್ನುವುದು ನನಗೆ ಬರಲಿಲ್ಲ, ಅಷ್ಟೇ.

"ನೀವು ನಿಂತಲ್ಲೇ ಅದಾವ್ರಿ ಅಜ್ಜಾರ," ಅಂದೆ.

ಅಜ್ಜ ಬಗ್ಗಿ ಕಾಲ ಬಳಿಯ ದಂಟು ಹಿಡಿದು ಎಳೆದ. ಗಡ್ಡೆ ಮೂಲಂಗಿಯ ಹಾಗೆ ಸರಕ್ಕನೆ ಬಂತು. ಆಮೇಲೆ ಬನ್ನಿಗಿಡದ ನೇರಕ್ಕೆ ಹೋಗಿ ಕೋಲಿನಿಂದ ಚುಚ್ಚುತ್ತ ನಡೆದ. ಗಡ್ಡೆ ಕಿತ್ತ ಕುಣಿಯಲ್ಲೆಲ್ಲ ಕೋಲು ಮೊಳದ ತನಕ ಇಳಿಯಿತು. ಮಣ್ಣು ಕೆದರಿದರೆ ಒಳಗೆ ಉಳಿದ ಗಡ್ಡೆಯ ಬಿಳಿ ತುಂಡು.

"ಹದ್ದ ಇದು," ಅಂದ. "ಕಿತ್ತದ್ದನ್ನ ನಾಳೆ ಇಲ್ಲೇ ಹಚ್ಚಬೇಕು. ಯಾರ ಹಚ್ಚತೀರಿ ನಿಮಗ ಬಿಟ್ಟದ್ದು."

ಮನೆಗೆ ಬಂದಾಗ ಮಾವ ಪಡಸಾಲೆಯಲ್ಲಿ ಕೂತಿದ್ದ. ಪಟಗ ತೆಗೆದಿದ್ದ. ಕಣ್ಣು ಪೂರಾ ಮುಚ್ಚಿತ್ತು. ನನಗಲ್ಲ, ಗೋಡೆಗೆ ಹೇಳಿದ ಹಾಗೆ ಹೇಳಿದ.

"ನಾಳೆ ಬಂಡಿ ಬರತೈತಿ. ಆಕಿ ಗಂಟ ಕಟ್ಟಲಿ. ಕಿತ್ತೂರಿಗೆ ಹೋಗಲಿ."

ಅತ್ತೆ ಅಡಿಗೆಮನೆಯಿಂದ ಹೊರಗೆ ಬಂದಳು. "ಏನರ ಔಷಧ ಐತೇನ ಇದಕ್ಕ?" ಅಂತ ನನ್ನನ್ನೇ ಕೇಳಿದಳು.

ಹುಣಸೆಹಣ್ಣು ಕಿವುಚಿ ತಂದೆ. ಮಾವ ಗೋಡೆಯ ಕಡೆಗೇ ಮುಖ ಮಾಡಿ ಎರಡೂ ಅಂಗೈ ಚಾಚಿದ. ತಿಕ್ಕಿ, ತೊಳೆದು, ಎಣ್ಣೆ ಹಚ್ಚಿದೆ. ಉರಿಗೆ ಹಲ್ಲು ಕಚ್ಚಿದ, ಬೈಯಲಿಲ್ಲ. ಆ ರಾತ್ರಿ ನಾನು ಉಣ್ಣಲಿಲ್ಲ. ಉಣ್ಣು ಅಂತ ಯಾರೂ ಅನ್ನಲೂ ಇಲ್ಲ. ಗಂಟು ಕಟ್ಟಿ ಬಾಗಿಲ ಹತ್ತಿರ ಇಟ್ಟುಕೊಂಡೆ.

ಮುಂಜಾನೆ ಎದ್ದು ಕಸ ಹೊಡೆದೆ, ಸಗಣಿ ಬಳಿದೆ. ಬಂಡಿ ಇನ್ನೂ ಬಂದಿರಲಿಲ್ಲ. ಗಂಟನ್ನು ಅಲ್ಲೇ ಬಿಟ್ಟು ಬುಟ್ಟಿ, ಗುದ್ದಲಿ ತೆಗೆದುಕೊಂಡೆ. ಮಾವ ಕಟ್ಟೆಯ ಮೇಲೆ ಕೂತಿದ್ದ. ಒಂದೇ ಕಣ್ಣಿನಿಂದ ನನ್ನನ್ನು ಬಹಳ ಹೊತ್ತು ನೋಡಿದ.

"ಕೈಗೆ ಎಣ್ಣಿ ಹಚ್ಕೊಂಡಿಯೇನ?" ಅಂದ.

"ಹಚ್ಕೊಂಡೇನ್ರಿ."

ಎದ್ದು, ಬಾಗಿಲ ಹತ್ತಿರದ ನನ್ನ ಗಂಟನ್ನು ಕಾಲಿನಿಂದ ಒಳಗೆ ಸರಿಸಿದ. ನಾನು ಹೊಲಕ್ಕೆ ಹೋಗಿ, ನನ್ನ ಕಿತ್ತೂರಿನ ಗಡ್ಡೆಗಳನ್ನು ಒಂದೊಂದಾಗಿ ಎತ್ತಿ, ಬನ್ನಿಗಿಡದ ನೇರಕ್ಕೆ ಹಚ್ಚುತ್ತ ಹೋದೆ. ದೊಡ್ಡತ್ತಿ ಸೊಂಟದ ಮೇಲೆ ಕೈ ಇಟ್ಟು ಆಚೆ ಬದಿಗೆ ನಿಂತು, ಪ್ರತಿ ಕುಣಿಗೂ "ಇನ್ನೂ ಆಳ, ಇನ್ನೂ ಆಳ" ಅನ್ನುತ್ತಿದ್ದಳು. ನಾನು ಇನ್ನೂ ಆಳ ತೋಡಿದೆ.