ಅಕ್ಕ ಬರೆದ ಅಪಘಾತ ವರದಿ

ಅಕ್ಕನ ಗದ್ದದ ಕೆಳಗೆ, ಗಂಟಲಿನವರೆಗೂ ಬಿಸಿಲಿಗೆ ಸುಟ್ಟ ಕಪ್ಪು ಪಟ್ಟೆಯಿತ್ತು. ಹೊಲದಲ್ಲಿ ಬಗ್ಗಿ ದುಡಿಯುವವರಿಗೆ ಕತ್ತಿನ ಹಿಂದೆ ಸುಡುತ್ತದೆ; ಇವಳು ದಿನವಿಡೀ ಮುಖವೆತ್ತಿ ಡ್ರೋನ್ ನೋಡುವವಳು. ಹರಪನಹಳ್ಳಿ ಸುತ್ತಿನ ಮೆಕ್ಕೆಜೋಳಕ್ಕೆ ಔಷಧಿ ಹೊಡೆಯಲು ನಮ್ಮ ಮಹಿಳಾ ಸಂಘಕ್ಕೆ ಬಂದಿದ್ದ ಆ ಡ್ರೋನನ್ನು ಹಾರಿಸಲು ತರಬೇತಿ ಪಡೆದವಳು ಅವಳೊಬ್ಬಳೇ. ಬ್ಯಾಟರಿ ಬದಲಿಸುವುದು, ಹೊಲದ ಆಚೆ ತುದಿಯಲ್ಲಿ ನಿಂತು ತಂತಿಯೋ ಜನವೋ ಅಡ್ಡ ಬಂದರೆ ಕೂಗುವುದು ನನ್ನ ಕೆಲಸ.

ಹಾರಿಸುವ ಮೊದಲು ಅಕ್ಕ ಒಂದೊಂದು ರೆಕ್ಕೆಯನ್ನೂ ಸೆರಗಿನಿಂದ ಒರೆಸುತ್ತಿದ್ದಳು. ನಾನು ಅವಸರ ಮಾಡಿದರೆ, "ತಡಿಯವ್ವಾ, ಇದು ಬಿದ್ದರ ಬರೀ ನೆಲದ ಮ್ಯಾಲ ಬೀಳಂಗಿಲ್ಲ" ಎನ್ನುತ್ತಿದ್ದಳು.

ಅವತ್ತು ನಾನು ಬೇವಿನ ನೆರಳಿಗೆ ಸರಿದು ಫೋನಿನಲ್ಲಿ ಮಾತಾಡುತ್ತಿದ್ದೆ. ಡ್ರೋನ್ ಪಂಪ್‌ಸೆಟ್ಟಿನ ಕರೆಂಟ್ ತಂತಿಗೆ ತಾಗಿ ಪಕ್ಕದ ಹೊಲಕ್ಕೆ ಬಿತ್ತು. ಅಲ್ಲಿ ಕಳೆ ಕೀಳುತ್ತಿದ್ದ ಹೆಂಗಸಿನ ಮುಂಗೈ ಸೀಳಿತು. ಆಸ್ಪತ್ರೆಯಲ್ಲಿ ಹೊಲಿಗೆ ಹಾಕಿಸಿ ಹೊರಬಂದಾಗ, ನಾವು ಔಷಧಿ ಹೊಡೆಯುತ್ತಿದ್ದ ಹೊಲದ ಯಜಮಾನ, "ಯಾರಿಗೂ ಹೇಳಬ್ಯಾಡ್ರಿ ಅಕ್ಕಾರ, ಇಲ್ಲಿಗೇ ಬಿಡ್ರಿ" ಎಂದ.

"ಎರಡು ದಿನದಾಗ ಸರಕಾರಕ್ಕ ತಿಳಿಸಬೇಕಂತ ನಿಯಮ ಐತಿ ಯಜಮಾನ್ರ. ಯಾರನ್ನೂ ಸಿಗಿಸಾಕಲ್ಲ, ಹ್ಯಾಂಗಾತು ಅಂತ ತಿಳಿಯಾಕ" ಎಂದಳು ಅಕ್ಕ.

ಆಸ್ಪತ್ರೆಯ ಬೆಂಚಿನ ಮೇಲೇ ವರದಿ ಬರೆಯಲು ಕುಳಿತು, "ನೀ ಎಲ್ಲಿ ನಿಂತಿದ್ದಿ?" ಎಂದು ಕೇಳಿದಳು.

"ಬದುವಿನ ಮ್ಯಾಲೇ ಇದ್ದೆ ಅಕ್ಕಾ. ಬಿಸಿಲಿಗೆ ತಂತಿ ಕಾಣಲಿಲ್ಲ."

ಅವಳು ನಂಬಿದಳು. ಸಹಾಯಕಿ ತನ್ನ ಜಾಗದಲ್ಲೇ ಇದ್ದಳು, ತಂತಿಯ ದೂರ ಅಂದಾಜಿಸುವಲ್ಲಿ ತಾನೇ ತಪ್ಪಿದೆ ಎಂದು ಬರೆದು ಕಳಿಸಿದಳು.

ಆಮೇಲೆ ರೈತರು ಅವಳನ್ನು ಕರೆಯಲಿಲ್ಲ. "ಆಕಿ ಕೈ ನೆಟ್ಟಗಿಲ್ಲ" ಎಂಬ ಮಾತು ಊರೂರಿಗೆ ಹಬ್ಬಿತು. ಮುಂದಿನ ಹಂಗಾಮಿಗೆ ಸಂಘದವರು ನನ್ನನ್ನೇ ತರಬೇತಿಗೆ ಕಳಿಸಿದರು. ನಾನು ಹೋದೆ. ಬಸ್‌ಸ್ಟ್ಯಾಂಡಿಗೆ ಬುತ್ತಿ ತಂದುಕೊಟ್ಟ ಅಕ್ಕ, "ತಂತಿ ಕಡೆ ನಿಗಾ ಇರ್ಲಿ" ಎಂದಳು. ನಾನು ಬುತ್ತಿ ಇಸಿದುಕೊಂಡು ಬಸ್ಸು ಹತ್ತಿದೆ.

ಹೋದ ವರ್ಷ ಅಕ್ಕ ಕಾಮಾಲೆಯಾಗಿ ತೀರಿಕೊಂಡಳು. ಮಣ್ಣಿಗೆ ಬಂದಿದ್ದ, ಅವತ್ತು ಮುಂಗೈ ಸೀಳಿದ್ದ ಆ ಹೆಂಗಸು ನನ್ನ ಕೈ ಹಿಡಿದು ಅತ್ತಳು. "ನನ್ನ ಗಾಯ ಮಾಯೋತನಕ ವಾರವಾರ ಬರ್ತಿದ್ಲು. ಬಂದಾಗೆಲ್ಲ, ನನ್ನಿಂದ ತಪ್ಪಾತವ್ವಾ ಅಂತಿದ್ಲು."

"ತಪ್ಪು ಆಕಿದಲ್ಲ. ತಂತಿ ನೋಡಬೇಕಾಗಿದ್ದಾಕಿ ನಾನು. ಫೋನಿನ್ಯಾಗ ಇದ್ದೆ" ಎಂದೆ.

ಅವಳು ಮೆಲ್ಲಗೆ ಕೈ ಬಿಡಿಸಿಕೊಂಡಳು.

"ಆಕಿ ಇದ್ದಾಗ ಹೇಳಬೇಕಿತ್ತು" ಎಂದಷ್ಟೇ ಹೇಳಿ ಎದ್ದುಹೋದಳು.