ಮಾವನ ಎದುರು ಎತ್ತಿಕೊಳ್ಳದ ಕೂಸು

ಭಾನುವಾರ ಮಧ್ಯಾಹ್ನ ನಮ್ಮ ಅಡುಗೆಮನೆಯಲ್ಲಿ ಸಭೆ ಕೂಡುತ್ತದೆ ಎಂದರೆ ನೀವು ನಗಬಹುದು. ಆದರೆ ಖರೆ. ಹಿರಿಯ ಮಗನ ಹೆಂಡತಿ, ನನ್ನ ಸೊಸೆ, ಮೊಬೈಲನ್ನು ಹಿಟ್ಟಿನ ಡಬ್ಬಿಗೆ ಆನಿಸಿ ಇಡುತ್ತಾಳೆ. ಅದರೊಳಗೆ ಹೆಣ್ಣುಮಕ್ಕಳ ಮುಖಗಳು ಒಂದೊಂದಾಗಿ ಬಂದು ಸಣ್ಣ ಸಣ್ಣ ಖಾನೆಗಳಲ್ಲಿ ಕೂರುತ್ತವೆ. ಒಬ್ಬಾಕೆ ಗೋಕಾಕದವಳು, ಇನ್ನೊಬ್ಬಾಕೆ ಮೂಡಲಗಿಯವಳು, ಉಳಿದವರು ನಾನು ಹೆಸರು ಕೇಳದ ಊರುಗಳವರು. ಎಲ್ಲರೂ ಸಣ್ಣ ಮಕ್ಕಳ ತಾಯಂದಿರು. ಮಕ್ಕಳ ಮನಸ್ಸಿನ ಬಗ್ಗೆ ಓದಿಕೊಂಡ ಒಬ್ಬ ಮೇಡಂ ಒಂದು ವಿಷಯ ಹೇಳುತ್ತಾರೆ, ಆಮೇಲೆ ಇವರೆಲ್ಲ ತಮ್ಮ ತಮ್ಮ ಮನೆಯ ಮಾತು ಹೇಳಿಕೊಳ್ಳುತ್ತಾರೆ. ನಾನು ನಾಲ್ಕನೇ ಇಯತ್ತೆಗೇ ಶಾಲೆ ಬಿಟ್ಟವಳು. ಒಲೆಯ ಮುಂದೆ ರೊಟ್ಟಿ ಬಡಿಯುತ್ತ ಕಿವಿಯನ್ನಷ್ಟೇ ಅತ್ತ ಇಟ್ಟಿರುತ್ತೇನೆ.

ಆ ದಿನ ಮೇಡಂ ಬಾಂಧವ್ಯದ ಸಿದ್ಧಾಂತ ಅಂತ ಒಂದನ್ನು ಹೇಳುತ್ತಿದ್ದರು. ಕೂಸು ಮೊದಲು ಯಾರೋ ಒಬ್ಬರನ್ನು ಗಟ್ಟಿಯಾಗಿ ನಂಬುತ್ತದಂತೆ. ಅಂಜಿಕೆಯಾದಾಗ, ಬಿದ್ದಾಗ ಅವರ ಕಡೆಗೇ ಓಡುತ್ತದಂತೆ. ಅವರು ಇದ್ದಾರೆ ಎಂಬ ಧೈರ್ಯವಿದ್ದರೆ ಮಾತ್ರ ದೂರ ಹೋಗಿ ಆಡುತ್ತದಂತೆ. ನಡುವೆ ಮಾತು ನಿಲ್ಲಿಸಿ ಕೇಳಿದರು, "ಯಾರ ಮನ್ಯಾಗೋ ಡಬಡಬ ಸಪ್ಪಳ ಬರಾಕತ್ತೈತಲ್ರಿ, ಏನದು?"

ಸೊಸೆ ನಾಚಿ ಫೋನಿನ ಕಡೆ ಕೈ ಚಾಚುವುದರೊಳಗೆ ನಾನೇ ಕೂಗಿ ಹೇಳಿಬಿಟ್ಟೆ. "ರೊಟ್ಟಿ ಬಡ್ಯಾಕತ್ತೇನ್ರಿ ಬಾಯಾರ! ಇನ್ನ ಎರಡ ಉಳದಾವು, ನೀವು ಹೇಳ್ರಿ!"

ಖಾನೆಖಾನೆಗಳಲ್ಲೂ ನಗು. ಆ ನಗುವಿನಲ್ಲಿಯೇ ಸೊಸೆಗೆ ಧೈರ್ಯ ಬಂತೋ ಏನೋ, ಎಷ್ಟೋ ವಾರಗಳಿಂದ ಸುಮ್ಮನೆ ಕೇಳುತ್ತ ಕೂತಿದ್ದವಳು ಬಾಯಿಬಿಟ್ಟಳು.

"ಮೇಡಂ, ನನ್ನ ಕೂಸು ಅಂಜಿದ್ರ ನನ್ನ ಕಡೆ ಬರೂದಿಲ್ರಿ. ನಮ್ಮ ಅತ್ತ್ಯಾರ ಕಡೆ ಓಡತೈತಿ. ನಮ್ಮ ಮೈದುನ ಕರದಂಗ ಅದೂ ನನಗ ವೈನಿ ಅಂತೈತ್ರಿ. ನಮ್ಮ ಮನಿಯವರಿಗೆ ಹುಕ್ಕೇರಿ ಕಡೆ ಫ್ಯಾಕ್ಟರ್‍ಯಾಗ ಕೆಲಸ. ಮುಂದಿನ ತಿಂಗಳ ಅಲ್ಲಿ ಮನಿ ಮಾಡತೇವಿ. ನನ್ನೊಬ್ಬಾಕಿ ಕೂಡ ಅದು ಇರತೈತೋ ಇಲ್ಲೋ ಅಂತ ನನಗ ಊಟ ಸೇರವಲ್ದು."

ನನ್ನ ಕೈ ಹಿಟ್ಟಿನಲ್ಲೇ ನಿಂತಿತು. ನಮ್ಮ ಮೇಲವಂಕಿಯ ಮನೆಯ ಪದ್ಧತಿಯನ್ನು ಇಲ್ಲಿ ಹೇಳಬೇಕು. ಮಾವನ ಎದುರು ಸೊಸೆ ತನ್ನ ಕೂಸನ್ನು ತಾನಾಗಿ ಎತ್ತಿಕೊಳ್ಳುವುದಿಲ್ಲ. ಎತ್ತಿ ಮುದ್ದಾಡಿದರೆ ಹಿರಿಯರಿಗೆ ಮರ್ಯಾದೆ ಕೊಡಲಿಲ್ಲ ಅಂತ. ಯಾರೂ ಕೂತು ಕಲಿಸಿದ್ದಲ್ಲ, ತಲೆ ಮೇಲೆ ಸೆರಗು ಹಾಕಿಕೊಂಡ ಹಾಗೆ ಅದೂ ಬರುತ್ತದೆ. ನಮ್ಮವರೋ ದಿನವಿಡೀ ಪಡಸಾಲೆಯಲ್ಲೇ ಇರುವವರು. ಹೀಗಾಗಿ ಎರಡು ವರ್ಷದ ಈ ಹೆಣ್ಣುಕೂಸು ನನ್ನ ಸೊಂಟದ ಮೇಲೆಯೇ ಬೆಳೆದಿತ್ತು. ನನಗಂತೂ ಅದು ಸಕ್ಕರೆಯ ಮೂಟೆ.

ಮೇಡಂ ನನ್ನನ್ನೇ ಕೇಳಿದರು. "ಅಜ್ಜಿ, ನಿಮ್ಮ ಮಕ್ಕಳನ್ನ ನೀವು ಎತ್ತಿಕೊಂಡೀರೇನ್ರಿ?"

"ಎಲ್ಲೀದ್ರಿ! ಕೂಸು ಅತ್ರ ನಮ್ಮ ಅತ್ತಿ ಎತ್ತಿ ತಂದು ಕೊಡಬೇಕು. ಹಾಲು ಕುಡಿಸೂದು, ತಿರುಗಿ ಕೊಡೂದು."

"ಕೆಟ್ಟ ಅನಸ್ತಿರಲಿಲ್ಲೇನ್ರಿ?"

"ಮನ್ಯಾಗ ಕೆಲಸ ಇರ್ತಿತ್ರಿ, ಗೊತ್ತಾಗ್ತಿರಲಿಲ್ಲ. ಹೊಲದಾಗ ಬುತ್ತಿ ಉಂಡು ಕೈ ಖಾಲಿ ಕುಂತಾಗ ಅನಸ್ತಿತ್ತು."

ಇದನ್ನು ನಾನು ಅದುವರೆಗೆ ಯಾರಿಗೂ ಹೇಳಿರಲಿಲ್ಲ. ಹೇಳಬೇಕು ಅಂತ ಅನಿಸಿಯೂ ಇರಲಿಲ್ಲ. ಮಗ ಈಗ ಹೇಗಿದ್ದಾನೆ ಎಂದು ಒಬ್ಬಾಕೆ ಕೇಳಿದಳು. "ಬಂಗಾರದಂತಾವ ಅದಾನವಾ. ಆದ್ರ ಮನಸಿನ ಮಾತು ಹೇಳಬೇಕಂದ್ರ ಇವತ್ತಿಗೂ ನನ್ನ ಮಾರಿ ನೋಡೂದಿಲ್ಲ. ತೊಲಿ ನೋಡಿ ಹೇಳತಾನ," ಎಂದೆ. ಎಲ್ಲರೂ ನಕ್ಕರು, ಸೊಸೆಯೂ ನಕ್ಕಳು. ಮನೆಯ ತೊಲೆಯನ್ನೇ ನೋಡುತ್ತ ಮಾತಾಡುವ ಗಂಡ ಅವಳಿಗೂ ಗೊತ್ತಲ್ಲ.

ನಗು ನಿಂತ ಮೇಲೆ ಗೋಕಾಕದ ಹೆಣ್ಣುಮಗಳು ಮೆಲ್ಲಗೆ ಹೇಳಿದಳು. "ನಾವು ಮುಸಲ್ಮಾನ್ರು. ನಮ್ಮ ಮನ್ಯಾಗೂ ಹಿಂಗ ಐತ್ರಿ. ಮಾವ ಮನ್ಯಾಗ ಇದ್ರಂದ್ರ ನಾ ಕೂಸಿನ ಬಾಜೂಕ ಕುಂತು ಬರೇ ನೋಡೂದು."

ಮೇಡಂ ಹೇಳಿದ ಮಾತು ನನ್ನ ತಲೆಯಲ್ಲಿ ಉಳಿದುಬಿಟ್ಟಿತು. ಅಜ್ಜಿಯನ್ನು ನಂಬಿದ ಕೂಸಿಗೆ ನಂಬುವುದು ಗೊತ್ತಿದೆ, ಅದು ಅವ್ವನನ್ನೂ ನಂಬುತ್ತದೆ. ಆದರೆ ಅದು ಬಿದ್ದಾಗ ಎತ್ತುವ ಕೈ ಅವ್ವನದಾಗಬೇಕು.

ಮರುದಿನ ಮುಂಜಾನೆಯೇ ಅದು ಬಿತ್ತು. ಅಂಗಳದಲ್ಲಿ ಎಮ್ಮೆಯ ಹಗ್ಗ ಕಾಲಿಗೆ ತೊಡರಿ ಮುಗ್ಗರಿಸಿ, ಊರೆಲ್ಲ ಕೇಳುವ ಹಾಗೆ ಚೀರಿತು. ಎರಡೂ ಕೈ ನನ್ನ ಕಡೆಗೇ. ನಾನು ಹೋಗಲಿಲ್ಲ. ಸೊಸೆ ಬಾಗಿಲಲ್ಲಿ ನಿಂತು ಮಾವನನ್ನು ನೋಡಿದಳು, ನನ್ನನ್ನು ನೋಡಿದಳು, ಸೆರಗು ಹಿಡಿದುಕೊಂಡಳು.

ಆಗ ನಮ್ಮವರು ಕಟ್ಟೆಯ ಮೇಲಿಂದ ಗದರಿದರು. "ಏನ ನೋಡ್ಕೋತ ನಿಂತೀದಿ ಯವ್ವಾ? ಎತ್ಕೋ! ಕೂಸು ನಿಂದೋ, ಮಂದೀದೋ?"

ಅವಳು ಓಡಿಬಂದು ಎತ್ತಿಕೊಂಡಳು. ಕೂಸು ಬಿಲ್ಲಿನ ಹಾಗೆ ಬೆನ್ನು ಬಾಗಿಸಿ "ಆಯೀ, ಆಯೀ" ಎಂದು ಅಜ್ಜಿಯಾದ ನನಗಾಗಿಯೇ ಹಟ ಮಾಡಿತು. ನಾನು ದನದ ಕೊಟ್ಟಿಗೆಯೊಳಗೆ ಹೋಗಿ, ತೊಳೆದ ಎಮ್ಮೆಯ ಮೈಯನ್ನೇ ಮತ್ತೆ ತಿಕ್ಕುತ್ತ ನಿಂತೆ. ಹೊರಗೆ ಅಳು ನಿಲ್ಲುವವರೆಗೂ ತಿಕ್ಕಿದೆ. ಎಮ್ಮೆಗೂ ಬೇಸರ ಬಂದು ಬಾಲ ಬೀಸಿತು.

ಸಂಜೆ ನಮ್ಮವರು ಕೆಣಕಿದರು. "ನಾ ಏನ ಕಿವುಡ ಅದೇನೇನು? ಫೋನಿನ್ಯಾಗಿನ ಮಂದಿ ಮುಂದ ನನ್ನ ಮಾನ ಕಳದಿ."

"ನಿಮ್ಮ ಸುದ್ದಿ ಎಲ್ಲಿ ಹೇಳೇನ್ರಿ? ನಿಮ್ಮ ಅಪ್ಪಂದು ಹೇಳೇನಿ."

ಅವರು ಚಹಾದ ಬಟ್ಟಲನ್ನು ಬಾಯಿಗೆ ಹಿಡಿದುಕೊಂಡೇ ನಕ್ಕರು. ಅಂದಿನಿಂದ ಕೂಸು ಅತ್ತರೆ ತಾವೇ ಕೆಮ್ಮಿಕೊಂಡು ಎದ್ದು ಹಿತ್ತಲಿಗೆ ಹೋಗತೊಡಗಿದರು. ಸೊಸೆಗೆ ಸಂಕೋಚವಾಗಬಾರದು ಅಂತ.

ಮಗ, ಸೊಸೆ ಹುಕ್ಕೇರಿಗೆ ಹೋದ ದಿನವೂ ಕೂಸು ನನ್ನ ಸೀರೆ ಬಿಡಲಿಲ್ಲ. ಇಲ್ಲಿ ಕಿರಿಯ ಮಗನಿದ್ದಾನೆ, ದನಕರುಗಳಿವೆ, ಮನೆಯಲ್ಲಿ ಗದ್ದಲಕ್ಕೆ ಕಡಿಮೆಯಿಲ್ಲ. ಆದರೂ ನನ್ನ ಸೊಂಟ ಮಾತ್ರ ಹಗುರಾಗಿ, ನಡೆಯುವಾಗ ಒಂದು ಕಡೆ ವಾಲಿದ ಹಾಗೆ ಆಗುತ್ತಿತ್ತು.

ಕೆಲವು ವಾರ ಬಿಟ್ಟು ಬೆಣ್ಣೆ, ರೊಟ್ಟಿಗೆ ಹಚ್ಚಿಕೊಳ್ಳುವ ಶೇಂಗಾ ಹಿಂಡಿ ಕಟ್ಟಿಕೊಂಡು ಗೋಕಾಕದಲ್ಲಿ ಬಸ್ಸು ಬದಲಿಸಿ ಅವರ ಮನೆಗೆ ಹೋದೆ. ಕೂಸು ನನ್ನನ್ನು ಕಂಡು ಕುಣಿಯಿತು, ತೊಡೆ ಏರಿತು, ಬೆಣ್ಣೆ ತಿಂದಿತು, ಇಳಿದು ಆಡಲು ಹೋಯಿತು. ಅಷ್ಟರಲ್ಲಿ ಒಲೆಯ ಮೇಲಿನ ಕುಕ್ಕರ್ ಒಮ್ಮೆಲೇ ಸೀಟಿ ಹೊಡೆಯಿತು. ಕೂಸು ಬೆಚ್ಚಿ ಚೀರಿತು. ನಾನೇ ಹತ್ತಿರ ಕೂತಿದ್ದೆ, ನನ್ನ ಕೈಗಳು ತಾವಾಗಿ ತೆರೆದಿದ್ದವು. ಅದು ನನ್ನ ಮೊಣಕಾಲಿಗೆ ತಾಕಿಕೊಂಡು ನನ್ನನ್ನು ದಾಟಿ ಓಡಿತು. "ವೈನಿ! ವೈನಿ!" ಎನ್ನುತ್ತ ಅವ್ವನ ಸೀರೆಯಲ್ಲಿ ಮುಖ ಹುಗಿಸಿತು.

ಸೊಸೆ ಎತ್ತಿಕೊಂಡಳು, ಎತ್ತಿಕೊಂಡವಳೇ ಅಂಜಿ ನನ್ನ ಮುಖ ನೋಡಿದಳು. "ಅತ್ತ್ಯಾರ, ಅದು ನಿಮ್ಮನ್ನ..."

"ನನ್ನ ಮಾರಿ ಏನ ನೋಡತಿ? ಕೂಸಿನ ಮಾರಿ ನೋಡು!" ಎಂದೆ. ಎನ್ನುವಾಗಲೇ ಕಣ್ಣು ತುಂಬಿ, ನಗು ಬಂದು, ಎರಡೂ ಕೂಡಿ ಬಿಕ್ಕಳಿಕೆ ಹತ್ತಿತು. ಸೊಸೆ ನೀರು ಕೊಟ್ಟಳು.

ತಿರುಗಿ ಬರುವಾಗ ಬಸ್ಸಿನಲ್ಲಿ ಬಾಜೂ ಕೂತ ಹೆಣ್ಣುಮಗಳಿಗೆ ತಡೆಯಲಾರದೆ ಹೇಳಿದೆ, "ಇವತ್ತ ನನ್ನ ಮೊಮ್ಮಗಳು ನನ್ನ ಕಡೆ ಬರಲಿಲ್ಲವಾ!"

"ಅಯ್ಯ, ಪಾಪ," ಎಂದಳು ಆಕೆ.

"ಪಾಪ ಅಲ್ಲವಾ, ತಡಿ ಹೇಳತೇನಿ," ಎಂದು ಅವಳ ಕಡೆ ತಿರುಗಿ ಕೂತೆ. ಗೋಕಾಕ ಬರುವವರೆಗೂ ಹೇಳಿದೆ.